ಬೂಟು ಬಿಚ್ಚದ ಭಾವ

ನಮ್ಮ ಭಾವ ಮನೆಯೊಳಗೂ ಬೂಟು ಬಿಚ್ಚುತ್ತಿರಲಿಲ್ಲ. ಊಟಕ್ಕೆ ಕೂತಾಗಲೂ, ಮಂಚದ ಅಂಚಿಗೆ ಒರಗಿದಾಗಲೂ ಆ ದಪ್ಪ ಅಟ್ಟೆಯ ಕರಿ ಬೂಟುಗಳು ಕಾಲಲ್ಲಿ ಇದ್ದೇ ಇರುತ್ತಿದ್ದವು. ಕತ್ತು ಮುಂದೆ ಚಾಚಿ, ಒಂದು ಕಿವಿಯನ್ನು ಸದಾ ಬಾಗಿಲಿಗೆ ಮೀಸಲಿಟ್ಟು ಓಡಾಡುತ್ತಿದ್ದ ಅವರಿಗೆ ನಾನು ಬೂಟುಭಾವ ಎಂದೇ ಹೆಸರಿಟ್ಟಿದ್ದೆ. ಅಕ್ಕ ಮೊದಮೊದಲು ನಗುತ್ತಿದ್ದಳು. ಆಮೇಲೆ ನಗುವುದನ್ನು ಬಿಟ್ಟಳು.

ಭಾವ ಕಾರ್ಖಾನೆಯೊಂದರಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದರು. ಒತ್ತಡ ಏರಿ ಗಂಟೆ ಹೊಡೆದರೆ ಯಾವ ಹೊತ್ತಿನಲ್ಲಾದರೂ ಓಡಬೇಕಾದ್ದರಿಂದ ಕಂಪನಿಯವರು ಆವರಣದೊಳಗೇ ಎರಡು ಕೋಣೆಯ ಮನೆ ಕೊಟ್ಟಿದ್ದರು. ಇಂಥ ಮನೆ ಬರಿಯ ಸೌಕರ್ಯವಾದರೆ ಅದರ ಬಾಡಿಗೆಯನ್ನೂ ಸಂಬಳವೆಂದೇ ಹಿಡಿದು ತೆರಿಗೆ ಹಾಕುತ್ತಾರೆ, ಕೆಲಸದ ಸಲುವಾಗಿ ಅಲ್ಲೇ ವಾಸಿಸಬೇಕಾದವನಿಗೆ ಮಾತ್ರ ವಿನಾಯಿತಿ ಎಂದು ಆಫೀಸಿನ ಗುಮಾಸ್ತರು ಒಮ್ಮೆ ಹೇಳಿದ್ದರು. ಭಾವ ಅದರಲ್ಲಿ ಕೆಲಸ ಎಂಬ ಮಾತನ್ನಷ್ಟೇ ಗಟ್ಟಿಯಾಗಿ ಹಿಡಿದುಕೊಂಡರು. ವಾಸದ ಮಾತು ಕಿವಿಗೆ ಬಿದ್ದೂ ಬೀಳದಂತೆ ಜಾರಿಹೋಯಿತು. ಅಂದಿನಿಂದ ಸೌಕರ್ಯವೆನಿಸುವ ಯಾವುದೂ ಅಲ್ಲಿ ಉಳಿಯಲಿಲ್ಲ. ಗೋಡೆಗೆ ಮೊಳೆಯಿಲ್ಲ, ನೆಲಕ್ಕೆ ಚಾಪೆಯಿಲ್ಲ. ಮೆತ್ತನೆಯ ಕುರ್ಚಿಯೊಂದು ಬಂದ ದಾರಿಯಲ್ಲೇ ವಾಪಸ್ಸಾಯಿತು. ಅಕ್ಕ ಆಸೆಪಟ್ಟು ಹೊಲಿದ ಹಳದಿ ಪರದೆಗಳು ಟ್ರಂಕಿನ ತಳ ಸೇರಿದವು.

"ಪರದೆ ಹಾಕಿದ್ರೆ ಏನ್ರೀ ಆಗುತ್ತೆ?"

"ಸುಖವಾಗಿದಾನೆ ಅಂತಾರೆ ಕಣೇ. ಮನೆ ಕೈಬಿಟ್ಟು ಹೋಗುತ್ತೆ."

ಆ ಭಯ ಅಂಟುಜಾಡ್ಯದಂಥದ್ದು. ಅಲ್ಲಿಗೆ ಹೋದರೆ ನನ್ನ ದನಿಯೂ ತಗ್ಗುತ್ತಿತ್ತು. ಹೊರಗೆ ಹೆಜ್ಜೆಯ ಸಪ್ಪಳವಾದರೆ ಒರಗಿದ್ದ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು.

ತೆರಿಗೆ ಇಲಾಖೆಯ ಅಧಿಕಾರಿ ಕೊನೆಗೂ ಬಂದದ್ದು ನಾನಿದ್ದ ಒಂದು ಮಧ್ಯಾಹ್ನ. ಕೆಟ್ಟ ಮನುಷ್ಯರೇನಲ್ಲ, ಬಾಗಿಲಲ್ಲಿ ಚಪ್ಪಲಿ ಬಿಟ್ಟೇ ಒಳಗೆ ಬಂದರು. ಬೋಳು ಗೋಡೆಗಳನ್ನೂ ಭಾವನ ಬೂಟುಗಳನ್ನೂ ನೋಡಿ, "ನೀವು ಇಲ್ಲೇ ವಾಸ ಮಾಡ್ತೀರಾ?" ಎಂದರು.

ಭಾವನ ಮುಖ ಬಿಳಿಚಿತು. ವರ್ಷಗಟ್ಟಲೆ ಗಡ್ಡ ಹೆರೆಯುವ ಕನ್ನಡಿಯ ಮುಂದೆ ಬಾಯಿಪಾಠ ಮಾಡಿದ್ದ ಉತ್ತರ ಒಂದೇ ಉಸಿರಿಗೆ ಹೊರಬಿತ್ತು.

"ವಾಸ ಎಲ್ಲಿ ಬಂತು ಸಾರ್? ಬರೀ ಡ್ಯೂಟಿ. ಇದು ಮನೇನೇ ಅಲ್ಲ."

"ಅಯ್ಯೋ, ಏನ್ ಹೇಳ್ತಿದೀರಾ! ನಾವು ಇರೋದು ಇಲ್ಲೇ ಸಾರ್," ಎಂದು ಅಕ್ಕ ಓಡಿಹೋಗಿ, ಸಂಸಾರದ ಸಾಕ್ಷಿ ಬೇರೇನೂ ಕೈಗೆ ಸಿಗದೆ, ಪರದೆಗಳನ್ನೇ ತಂದು ಹರವಿದಳು. ಮಡಿಕೆಯ ಗೆರೆ ಬಿಟ್ಟರೆ ಅವು ಹೊಚ್ಚ ಹೊಸವು. ಅಧಿಕಾರಿ ಬಟ್ಟೆಯನ್ನು ಬೆರಳಿನಿಂದ ಸವರಿ, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು.

ವಾಸವೇ ಇರದ ಮನೆಗೆ ವಿನಾಯಿತಿ ಎಲ್ಲಿಯದು? ಅದು ರದ್ದಾಯಿತು. ಆ ತೆರಿಗೆ ತೆತ್ತು ಅಲ್ಲಿರುವ ಶಕ್ತಿ ಭಾವನಿಗಿರಲಿಲ್ಲವಾಗಿ, ತಿಂಗಳ ಕೊನೆಗೆ ಮನೆ ಬಿಡುವುದೆಂದಾಯಿತು.

ಸುದ್ದಿ ಬಂದ ಸಂಜೆ ಅವರೇ ಸ್ಟೂಲು ಹತ್ತಿ ಮೊಳೆ ಹೊಡೆದು ಪರದೆ ಕಟ್ಟಿದರು. ಆಮೇಲೆ ನೆಲದ ಮೇಲೆ ಕೂತು, ನಿಧಾನವಾಗಿ ಬೂಟು ಬಿಚ್ಚಿದರು. ಗಾಳಿ ಬೆಳಕು ಕಾಣದ ಆ ಪಾದಗಳು ಹಸುಗೂಸಿನ ಪಾದಗಳಷ್ಟು ಮೆತ್ತಗೆ, ಬೆಳ್ಳಗೆ ಇದ್ದವು. ನೋಡಿ ನನಗೆ ಹೆದರಿಕೆಯಾಯಿತು. ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಪರರ ಕೃಪೆಯ ಸೂರಿನಡಿ ಬದುಕುವವರ ಪಾಡೇ ಹೀಗೆ. ಸುಖ ಕಣ್ಣಿಗೆ ಬಿದ್ದರೆ ಯಾರಾದರೂ ಕಿತ್ತುಕೊಂಡಾರೆಂದು ತಾವೇ ಮೊದಲು ಅದನ್ನು ಕಿತ್ತೆಸೆದು ಕಾವಲು ಕೂರುತ್ತಾರೆ. ಮನೆ ಕೈತಪ್ಪಿದ ಮೇಲಷ್ಟೇ ಅವರು ಆ ಮನೆಯೊಳಗೆ ಕಾಲಿಡುತ್ತಾರೆ.