ಡಿಸ್ಕ್‌ಗೆ ಇಳಿಯದ ಬೆಕ್ಕು

ಪಶುವೈದ್ಯೆಯ ಕ್ಲಿನಿಕ್ಕಿನಲ್ಲಿ ಬಾಗಿಲ ಎದುರಿನ ಮೇಜಿನ ಮುಂದೆ ಕೂರುತ್ತಿದ್ದವರು ಅವಳ ಚಿಕ್ಕಮ್ಮ. ಬಂದ ಪ್ರಾಣಿಯ ವಯಸ್ಸು, ಚುಚ್ಚುಮದ್ದು, ಎಕ್ಸ್‌ರೇ ಎಲ್ಲವನ್ನೂ ಕಂಪ್ಯೂಟರಿಗೆ ಏರಿಸುವುದು ಅವರ ಕೆಲಸ. ಆ ಕಂಪ್ಯೂಟರೋ, ಮಧ್ಯಾಹ್ನವಾಗುತ್ತಲೇ ತೂಕಡಿಸುತ್ತಿತ್ತು. ಒತ್ತಿದ ಅಕ್ಷರ ಪರದೆಯ ಮೇಲೆ ಮೂಡುವಷ್ಟರಲ್ಲಿ ಚಿಕ್ಕಮ್ಮ ಆಕಳಿಸಿ, ಕನ್ನಡಕ ಒರೆಸಿ, ಎದುರಿಗಿದ್ದ ನಾಯಿಯ ಯೋಗಕ್ಷೇಮ ವಿಚಾರಿಸಿ ಮುಗಿಸಿರುತ್ತಿದ್ದರು.

ವೈದ್ಯೆಯ ಗಂಡ ಗಣಿತದ ಮೇಷ್ಟ್ರು. ಶಾಲೆಗೆ ರಜೆ, ಕೈ ಸುಮ್ಮನಿರಲಿಲ್ಲ.

"ಹೊಸ ಕಂಪ್ಯೂಟರ್ ಏನೂ ಬೇಡ. ಆಪರೇಟಿಂಗ್ ಸಿಸ್ಟಮ್ಮಿನ ಕಿವಿ ಸ್ವಲ್ಪ ಹಿಂಡಿದ್ರೆ ಸಾಕು," ಎಂದರು.

"ಹಿಂಡಿ ಅಳಿಯಂದಿರೇ," ಎಂದರು ಚಿಕ್ಕಮ್ಮ, "ಕಿವಿ ಕೈಗೇ ಬಂದ್ಬಿಡದ ಹಾಗೆ ನೋಡ್ಕೊಳಿ."

ಬರೆದದ್ದನ್ನು ಕಂಪ್ಯೂಟರ್ ಮೊದಲು ಮೆಮೊರಿಯಲ್ಲಿ ಇಟ್ಟುಕೊಂಡು, ಸ್ವಲ್ಪ ಹೊತ್ತಿಗೊಮ್ಮೆ ಡಿಸ್ಕ್‌ಗೆ ಇಳಿಸುತ್ತದೆ ಎಂದು ಮೇಷ್ಟ್ರು ಎಲ್ಲೋ ಓದಿದ್ದರು. ಪದೇ ಪದೇ ಹೀಗೆ ಇಳಿಸುವುದರಿಂದಲೇ ಅದಕ್ಕೆ ಏದುಸಿರು ಎಂದು ತೀರ್ಮಾನಿಸಿದರು.

"ಒಂದೊಂದು ಲೋಟ ತೊಳೆಯೋಕೂ ಎದ್ದು ಹೋಗ್ತೀವಾ? ಸಿಂಕ್ ತುಂಬಿದ ಮೇಲೆ ಒಟ್ಟಿಗೆ ತೊಳೀತೀವಿ," ಎಂದು ಹೆಂಡತಿಗೆ ವಿವರಿಸಿದರು.

"ತೊಳೀತೀವಿ ಅನ್ಬೇಡಿ. ತೊಳೀತೀಯ ಅನ್ನಿ," ಎಂದಳು ಅವಳು.

ಮೇಷ್ಟ್ರು ಅದನ್ನು ಕೇಳಿಸಿಕೊಳ್ಳಲಿಲ್ಲ. ಊಟದ ಹೊತ್ತಿಗೊಮ್ಮೆ ಇಳಿಸಿದರೆ ಸಾಕೆಂದು ಸೆಟ್ಟಿಂಗ್ ಬದಲಿಸಿ, ಕಂಪ್ಯೂಟರನ್ನು ಆರಿಸಿ ಮತ್ತೆ ಹಚ್ಚಿದರು. ಅದು ಬಾಲಕ್ಕೆ ಬೆಂಕಿ ಬಿದ್ದಂತೆ ಓಡಿತು. ಆ ಸಂಜೆಯಿಡೀ ಮೇಷ್ಟ್ರು ನೆಲ ಮುಟ್ಟದೆ ನಡೆದರು.

ಮರುದಿನ ಬೆಳಿಗ್ಗೆ ಗಡಿಯಾರ ರಿಪೇರಿಯವರು ಒಂದೇ ಬುಟ್ಟಿಯಲ್ಲಿ ಎರಡು ಕರಿ ಬೆಕ್ಕು ತಂದರು. ಒಂದೇ ಅಚ್ಚಿನಲ್ಲಿ ಹೊಯ್ದಂಥ ಅಕ್ಕತಂಗಿಯರು. ಒಂದರ ಕೊರಳಪಟ್ಟಿ ಕೆಂಪು, ಇನ್ನೊಂದರದು ಹಸಿರು. ವೈದ್ಯೆ ಒಂದಕ್ಕೆ ಚುಚ್ಚುಮದ್ದು ಕೊಟ್ಟಳು. ಚಿಕ್ಕಮ್ಮ ಅದನ್ನು ದಾಖಲಿಸಿದರು. ಗಡಿಯಾರದವರು ಅದನ್ನು ಬುಟ್ಟಿಗೆ ಹಾಕಿ ಇನ್ನೊಂದನ್ನು ಎತ್ತಬೇಕು, ಅಷ್ಟರಲ್ಲಿ ಚಿಕ್ಕಮ್ಮನ ಮೇಜಿನ ಕಾಲಿಗೆ ಕಟ್ಟಿದ್ದ ದೊಡ್ಡ ನಾಯಿಗೆ ಬೆಕ್ಕಿನ ವಾಸನೆ ಬಡಿಯಿತು. ನಾಯಿ ಹಾರಿತು, ಹಿಂದೆಯೇ ಮೇಜು ಹೊರಟಿತು, ಗೋಡೆಯ ಪ್ಲಗ್ ಕಿತ್ತು ಬಂತು.

ನಾಯಿಯನ್ನು ಹಿಡಿದು, ಮೇಜನ್ನು ಎಳೆದು ತಂದು, ಕಂಪ್ಯೂಟರ್ ಹಚ್ಚಿದರು. ನಿನ್ನೆಯದೆಲ್ಲ ಇತ್ತು. ಬೆಳಗಿನದು ಒಂದಕ್ಷರವೂ ಇರಲಿಲ್ಲ.

"ಡಿಸ್ಕ್‌ಗೆ ಇನ್ನೂ ಇಳಿದಿರ್ಲಿಲ್ಲ..." ಎಂದರು ಮೇಷ್ಟ್ರು, ಸಣ್ಣ ದನಿಯಲ್ಲಿ.

ಬೆಳಿಗ್ಗೆ ಬಂದಿದ್ದ ಉಳಿದವರದ್ದನ್ನು ಅವರನ್ನೇ ಕೇಳಿ ಮತ್ತೆ ಬರೆದುಕೊಳ್ಳಬಹುದಿತ್ತು. ಬೆಕ್ಕುಗಳದ್ದೇ ಪೇಚು. ಚುಚ್ಚಿದ್ದು ಕೆಂಪು ಪಟ್ಟಿಯದಕ್ಕೆ ಎಂದಳು ವೈದ್ಯೆ. ಹಸಿರಿನದಕ್ಕೆ ಎಂದರು ಗಡಿಯಾರದವರು. ಇಬ್ಬರೂ ಚಿಕ್ಕಮ್ಮನತ್ತ ತಿರುಗಿದರು.

"ನನ್ನ ಕೇಳ್ಬೇಡಿ. ಬರೆದ ಮೇಲೆ ನಾನು ತಲೇಲಿ ಇಟ್ಕೊಳಲ್ಲ. ನನ್ನ ತಲೆ ಅಳಿಯಂದಿರ ಮೆಮೊರಿ ಥರ ಅಲ್ಲ, ಆಗಿಂದಾಗ್ಗೆ ಖಾಲಿ ಮಾಡ್ಕೊಳ್ತೀನಿ."

"ಕೋಪ ಬಂದಿರೋದು ಯಾವುದಕ್ಕೆ ನೋಡಿ," ಎಂದರು ಗಡಿಯಾರದವರು.

ಬುಟ್ಟಿಯ ಸಂದಿಯಲ್ಲಿ ಇಣುಕಿದರು. ಎರಡಕ್ಕೂ ಬಂದಿತ್ತು. ಸೂಜಿಯ ಗುರುತು ಹುಡುಕೋಣವೆಂದರೆ ಎರಡೂ ಕೈ ಹತ್ತಿರ ಬಿಡಲಿಲ್ಲ.

ಕೊನೆಗೆ ಚಿಕ್ಕಮ್ಮನೇ ದಾರಿ ತೋರಿಸಿದರು. "ಸೂಜಿ ತಿಂದಿದ್ದು ಬಿಳಿ ಕೋಟ್ ಕಂಡ್ರೆ ಓಡುತ್ತೆ. ಅಷ್ಟೇ ತಾನೆ?"

ವೈದ್ಯೆ ತನ್ನ ಕೋಟು ಬಿಚ್ಚಿ ಗಂಡನ ಕೈಗಿಟ್ಟಳು. "ತಗೊಳಿ. ನೀವೇ ಹೋಗಿ."

ತೋಳು ಮೊಣಕೈವರೆಗೂ ಬಾರದ ಕೋಟಿನಲ್ಲಿ ಮೇಷ್ಟ್ರು ಬಾಗಿಲು ಮುಚ್ಚಿದ ಕೋಣೆಯ ನೆಲದ ಮೇಲೆ ಕೂತರು. ಬುಟ್ಟಿ ತೆರೆದರು. ಹಸಿರು ಪಟ್ಟಿಯದು ಅವರನ್ನು ಕಂಡದ್ದೇ ಬೀರುವಿನ ಹಿಂದೆ ಮಾಯವಾಯಿತು. ಕೆಂಪಿನದು ನಿಧಾನವಾಗಿ ಬಂದು ತೊಡೆ ಏರಿ ಕೂತಿತು. ವೈದ್ಯೆ ಒಳಗೆ ಬಂದು, ಓಡಿದ್ದನ್ನು ಹಿಡಿದು ಕತ್ತಿನ ಹಿಂದಿನ ಕೂದಲು ಬಿಡಿಸಿ ನೋಡಿದಳು. ಸೂಜಿಯ ಚುಕ್ಕೆ, ಅದರ ಸುತ್ತ ಸಣ್ಣ ಊತ. ತನ್ನ ನೆನಪೇ ತಪ್ಪಿತ್ತು. ಇನ್ನೊಂದಕ್ಕೆ ಅಲ್ಲಿಯೇ, ಗಂಡನ ತೊಡೆಯ ಮೇಲೆಯೇ ಚುಚ್ಚಿದಳು. ಬೆಕ್ಕು ತನ್ನ ನೋವನ್ನು ಅಷ್ಟೂ ಉಗುರುಗಳಿಂದ ಮೇಷ್ಟ್ರಿಗೆ ತಿಳಿಸಿತು.

ಅವರು ಹೋಗಿ ಸೆಟ್ಟಿಂಗನ್ನು ಮೊದಲಿನಂತೆಯೇ ಮಾಡಿದರು. ಆದರೂ ಕಂಪ್ಯೂಟರ್ ಆ ದಿನವೆಲ್ಲ ಚುರುಕಾಗಿಯೇ ಇತ್ತು! ಮೇಷ್ಟ್ರಿಗೆ ಊಟ ರುಚಿಸಲಿಲ್ಲ. ಮರುದಿನ ಮಧ್ಯಾಹ್ನ ಅದು ಮತ್ತೆ ತೂಕಡಿಸಿದಾಗ ಚಿಕ್ಕಮ್ಮನ ಬೆನ್ನ ಹಿಂದೆ ಹೋಗಿ ನಿಂತರು. ಪರದೆಯ ತುಂಬ ಎಕ್ಸ್‌ರೇಗಳು, ಒಂದರ ಮೇಲೊಂದು. ಮೆಮೊರಿಯಲ್ಲಿ ಉಸಿರಾಡಲು ಜಾಗವಿರಲಿಲ್ಲ. ಆರಿಸಿ ಹಚ್ಚಿದಾಗ ಇವೆಲ್ಲ ಮುಚ್ಚಿಹೋಗಿದ್ದಕ್ಕೇ ಅದು ಓಡಿತ್ತು, ಸೆಟ್ಟಿಂಗಿನಿಂದಲ್ಲ.

"ಚಿಕ್ಕಮ್ಮ, ಇವನ್ನೆಲ್ಲ ಮುಚ್ಚೋದೇ ಇಲ್ವಾ?"

"ಹೇಗೆ ಮುಚ್ಚೋದು? ಈ ನಾಯಿದು ಕಾಲು ಮುರಿದಿತ್ತು, ಪಾಪ. ಕೂಡ್ಕೊಂಡಿದ್ಯೋ ಇಲ್ವೋ ಅಂತ ಆಗಾಗ ನೋಡ್ತಿರ್ತೀನಿ."

"ಇದು ಹಳೇ ಎಕ್ಸ್‌ರೇ! ಎಷ್ಟು ನೋಡಿದ್ರೂ ಇದರಲ್ಲಿ ಮೂಳೆ ಕೂಡಲ್ಲ."

"ಅಷ್ಟು ಗೊತ್ತಿಲ್ವಾ ನಂಗೆ? ಮನಸ್ಸಿಗೊಂದು ಸಮಾಧಾನ."

ಮೇಷ್ಟ್ರು ಫೋನ್ ಎತ್ತಿ ಅವರ ಕೈಗೆ ಕೊಟ್ಟರು. ಚಿಕ್ಕಮ್ಮ ನಾಯಿಯ ಮನೆಗೆ ಫೋನ್ ಹಚ್ಚಿ, ಅದು ಸೋಫಾ ಹತ್ತಿ ಇಳಿಯುತ್ತಿದೆಯೆಂದು ಕೇಳಿ, ಕಣ್ಣೊರೆಸಿಕೊಂಡು ಆ ಎಕ್ಸ್‌ರೇ ಮುಚ್ಚಿದರು. ಹೀಗೆ ಒಂದೊಂದಾಗಿ. ಕಂಪ್ಯೂಟರ್ ಮೆಲ್ಲಗೆ ಕಣ್ಣು ಬಿಟ್ಟಿತು. ಹೊಟ್ಟೆಯಲ್ಲಿ ಮೊಟ್ಟೆ ತುಂಬಿಕೊಂಡ ಆಮೆಯೊಂದರ ಎಕ್ಸ್‌ರೇ ಬಂದಾಗ ಅವರ ಕೈ ನಿಂತಿತು.

"ಇದೊಂದು ಇರ್ಲಿ, ಅಳಿಯಂದಿರೇ. ಇನ್ನೂ ಮೊಟ್ಟೆ ಇಟ್ಟಿಲ್ವಂತೆ."

ಮೇಷ್ಟ್ರು ಮನಸ್ಸಿನಲ್ಲೇ ಮೆಮೊರಿಯ ಲೆಕ್ಕ ಹಾಕಿದರು. ಒಂದು ಆಮೆಗೆ ಧಾರಾಳವಾಗಿ ಜಾಗವಿತ್ತು.