ಎಲ್ಲರೂ ಎಡಕ್ಕೇ ವಾಲಿದ್ದು

ಟೈಲ್ಸ್ ಹಾಕುವ ಮೇಸ್ತ್ರಿಗೆ ಜೊತೆಗಾರರು ಇಟ್ಟ ಅಡ್ಡಹೆಸರು ರಸಮಟ್ಟ. ನೆಲ ಸಮವಾಗಿದೆಯೇ ಎಂದು ತಿಳಿಯಲು ಉಳಿದವರು ರಸಮಟ್ಟವೆಂಬ ಗಾಳಿಗುಳ್ಳೆಯ ಪಟ್ಟಿ ಇಟ್ಟು ಕಣ್ಣು ಕಿರಿದು ಮಾಡಬೇಕು. ಇವನು ಬರಿಗಾಲಲ್ಲಿ ನಿಂತರೆ ಸಾಕು, ಕೂದಲೆಳೆಯಷ್ಟು ಇಳಿಜಾರಿದ್ದರೂ ಹೇಳಿಬಿಡುತ್ತಿದ್ದ. ಅಂಥವನಿಗೇ, ಇನ್ನೇನು ಮಗಳ ಹೊಸ ಮನೆಗೆ ನೆಲ ಹಾಕಬೇಕು ಎನ್ನುವಾಗ, ಒಂದು ಬೆಳಿಗ್ಗೆ ಹಾಸಿಗೆಯಿಂದೆದ್ದರೆ ಕೋಣೆಯೆಲ್ಲ ಗಿರ್ರನೆ ತಿರುಗಿತು. ಬೀರು ಹಿಡಿದು ನಿಂತ. ಬೀರುವೂ ತಿರುಗಿತು. ರಸಮಟ್ಟನಿಗೆ ಇದಕ್ಕಿಂತ ಅವಮಾನ ಬೇಕೇ?

ಹೆಂಡತಿ ಕಿವಿ ಆಸ್ಪತ್ರೆಗೆ ಎಳೆದೊಯ್ದಳು. ಅಲ್ಲಿ ತಲೆಸುತ್ತಿನ ಮೇಲೆ ಸಂಶೋಧನೆ ಮಾಡುತ್ತಿದ್ದ ಡಾಕ್ಟರಮ್ಮ ಮೊದಲು ಅವನನ್ನು ಸದ್ದೇ ನುಗ್ಗದ ಪುಟ್ಟ ಕೋಣೆಯಲ್ಲಿ ಕೂರಿಸಿ ಪರೀಕ್ಷಿಸಿದರು.

"ಕಿವಿ ಚೆನ್ನಾಗೇ ಕೇಳುತ್ತೆ."

"ಹಾಗಾದ್ರೆ ನಾನು ಹೇಳಿದ್ದು ಮಾತ್ರ ಯಾಕೆ ಕೇಳಲ್ಲ? ಅದನ್ನೂ ಸ್ವಲ್ಪ ಸಂಶೋಧನೆ ಮಾಡಿ ಡಾಕ್ಟ್ರೇ," ಎಂದಳು ಹೆಂಡತಿ.

ಡಾಕ್ಟರಮ್ಮ ನಕ್ಕರು. "ಮೇಸ್ತ್ರಿಗಳೇ, ಕಿವಿಯೊಳಗೂ ಒಂದು ರಸಮಟ್ಟ ಇರುತ್ತೆ. ಅದರ ನೀರಿಗೆ ಸಣ್ಣ ಹರಳು ಜಾರಿವೆ, ಅಷ್ಟೆ."

ಮಂಚದ ಮೇಲೆ ಮಲಗಿಸಿ, ತಲೆಯನ್ನು ಅತ್ತಿತ್ತ ಹೊರಳಿಸಿ, ಹರಳುಗಳನ್ನು ಅವುಗಳ ಜಾಗಕ್ಕೆ ಕಳಿಸಿದರು. ಎರಡೇ ಸಲಕ್ಕೆ ತಲೆಸುತ್ತು ಮಾಯ. ಆದರೆ ಕೆಲಸಕ್ಕೆ ಹೋಗಬಹುದೆಂಬ ಚೀಟಿ ಬೇಕಿದ್ದರೆ ಸಂಶೋಧನೆಯ ಹಲಗೆಯ ಮೇಲೆ ನೆಟ್ಟಗೆ ನಿಂತು ತೋರಿಸಬೇಕಿತ್ತು. ಮೈಯ ಭಾರ ಎತ್ತ ಬೀಳುತ್ತದೆಂದು ಆ ಹಲಗೆ ಪರದೆಯ ಮೇಲೆ ಒಂದು ಚುಕ್ಕೆಯಲ್ಲಿ ತೋರಿಸುತ್ತಿತ್ತು.

ಚುಕ್ಕೆ ಎಡಕ್ಕೆ ಹೋಗಿ ಕೂತಿತು. ಮುಂದಿನ ವಾರವೂ ಅಷ್ಟೆ, ಅದರ ಮುಂದಿನ ವಾರವೂ ಅಷ್ಟೆ.

"ಇನ್ನೂ ವಾಲ್ತಾನೇ ಇದ್ದೀರಿ," ಎಂದರು ಡಾಕ್ಟರಮ್ಮ. ದನಿಯಲ್ಲಿ ಉತ್ಸಾಹ ಉಕ್ಕುತ್ತಿತ್ತು. "ನೀವೊಬ್ರೇ ಅಲ್ಲ, ಈ ಹೊಸ ಕೋಣೆಗೆ ಬಂದ್ಮೇಲೆ ನೋಡಿದ ಹನ್ನೊಂದು ಜನಾನೂ ಎಡಕ್ಕೇ! ಇದನ್ನ ಇದುವರೆಗೆ ಯಾರೂ ಕಂಡುಹಿಡಿದಿಲ್ಲ."

"ಅಲ್ಲ ಮೇಡಂ, ನನ್ನ ಮಗಳ ಮನೆ ನೆಲ?"

"ಸದ್ಯಕ್ಕೆ ಬೇರೆಯವರಿಗೆ ಹೇಳಿ."

ಬಂದ ಮೇಸ್ತ್ರಿಗಳನ್ನೆಲ್ಲ ವಾಪಸ್ಸು ಕಳಿಸಿ, ಬರಿ ಸಿಮೆಂಟಿನ ಮೇಲೆ ಚಾಪೆ ಹಾಸಿಕೊಂಡು, "ಅಪ್ಪನೇ ಹಾಕ್ಬೇಕು" ಎಂದು ಹಟ ಹಿಡಿದು ಕೂತಿದ್ದಳು ಮಗಳು. ಅವಳಿಗೆ ಯಾವ ಮುಖ ಇಟ್ಟುಕೊಂಡು ಹೇಳುವುದು? ಚಪ್ಪಲಿ ಮೆಟ್ಟಲು ಹೋದ ರಸಮಟ್ಟ ತನ್ನ ಬರಿಗಾಲು ನೋಡಿ ನಿಂತುಬಿಟ್ಟ. ಮೊದಲ ದಿನವೇ ಆ ಕಾಲು ಅವನಿಗೆ ಒಂದು ಮಾತು ಹೇಳಿತ್ತು. ತಲೆ ತಿರುಗುವವನ ಕಾಲನ್ನು ನಂಬುವುದು ಹೇಗೆಂದು ಇವನೇ ಬಾಯಿ ಮುಚ್ಚಿಕೊಂಡಿದ್ದ.

"ಮೇಡಂ, ಹಲಗೆ ಮೇಲೆ ಒಂದ್ಸಲ ನೀವು ನಿಂತ್ಕೊಳ್ಳಿ."

"ನಾನಾ? ನನಗೇನಾಗಿದೆ?"

"ಸುಮ್ನೆ ನಿಂತ್ಕೊಳ್ಳಿ ಅಂದೆ."

ಡಾಕ್ಟರಮ್ಮ ನಿಂತರು. ಚುಕ್ಕೆ ಎಡಕ್ಕೆ ಹೋಯಿತು. ಜೊತೆಗೆ ಬಂದಿದ್ದ ಹೆಂಡತಿ ನಿಂತಳು. ಚುಕ್ಕೆ ಮತ್ತೆ ಎಡಕ್ಕೆ. ರಸಮಟ್ಟ ಅವಳ ಚೀಲದಿಂದ ನೀರಿನ ಬಾಟಲಿ ತೆಗೆದು, ಹಲಗೆಯ ಪಕ್ಕದಲ್ಲೇ ನೆಲಕ್ಕೆ ಒಂದಿಷ್ಟು ಸುರಿದ. ನೀರು ಸರಸರನೆ ಎಡಕ್ಕೆ ಹರಿದು ಮೇಜಿನಡಿ ಸೇರಿತು.

ಡಾಕ್ಟರಮ್ಮನ ಮುಖ ಪೆಚ್ಚಾಯಿತು. ಆಮೇಲೆ ನಗು ಶುರುವಾಯಿತು ನೋಡಿ, ಕುರ್ಚಿ ಹಿಡಿದು ಕೂರಬೇಕಾಯಿತು. "ನನ್ನ ಸಂಶೋಧನೆ ನೀರುಪಾಲಾಯ್ತಲ್ಲ ಮೇಸ್ತ್ರಿಗಳೇ!"

ರಸಮಟ್ಟ ರಟ್ಟಿನ ಚೂರು ಮಡಚಿ ಹಲಗೆಯ ಎಡಬದಿಯ ಕಾಲುಗಳ ಕೆಳಗೆ ತುರುಕಿದ. ತೆಗೆದ, ಇನ್ನೊಂದು ಮಡಿಕೆ ಹಾಕಿದ, ಮತ್ತೆ ತುರುಕಿ ಮೇಲೆ ಹತ್ತಿದ. ಚುಕ್ಕೆ ನಟ್ಟನಡುವೆ ಬಂದು ಅಲುಗಾಡದೆ ನಿಂತಿತು. ಡಾಕ್ಟರಮ್ಮ ಚೀಟಿ ಬರೆದುಕೊಟ್ಟವರೇ ಉಳಿದವರಿಗೆ ಒಬ್ಬೊಬ್ಬರಾಗಿ ಫೋನ್ ಹಚ್ಚಿದರು. "ನೀವು ನೆಟ್ಟಗೇ ಇದ್ದೀರಂತ ಕಾಣುತ್ತೆ, ವಾಲಿರೋದು ನಮ್ಮ ನೆಲ. ನಾಳೆ ಬನ್ನಿ, ಇನ್ನೊಂದ್ಸಲ ನೋಡೋಣ!" ಆ ಕಡೆ ಯಾರೋ ಕೂಗಿದ ಖುಷಿ ಈ ಕೋಣೆಗೆಲ್ಲ ಕೇಳಿಸಿತು.

ಮುಂದಿನ ವಾರ ಮಗಳ ಮನೆಯ ಹಾಲ್ ಮುಗಿಯಿತು. ಹೆಂಡತಿ ಚೊಂಬಿನಲ್ಲಿ ನೀರು ತಂದು, ಮಗಳ ಮುಂದೆಯೇ ನಡುನೆಲಕ್ಕೆ ಸುರಿದಳು. ನೀರು ಬಿದ್ದಲ್ಲೇ ನಿಂತಿತು. ಬಗ್ಗಿ ನೋಡಿದಳು, ಸುತ್ತು ಹಾಕಿ ನೋಡಿದಳು.

"ಚೆನ್ನಾಗಿದೆ ಕಣ್ರೀ," ಎಂದಳು ಮೆಲ್ಲಗೆ.

ಮೂವತ್ತು ವರ್ಷದಲ್ಲಿ ಅವಳು ಅವನ ಕೆಲಸ ಹೊಗಳಿದ್ದು ಇದೇ ಮೊದಲು. ರಸಮಟ್ಟನ ಕಣ್ಣು ತುಂಬಿ ಬಂತು. ಕಿವಿಯ ಹಿಂದೆ ಕೈಯಿಟ್ಟು ಅವಳತ್ತ ಬಾಗಿದ.

"ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳು."