ಉಸಿರಿಗೆ ಬಿಟ್ಟ ಜಾಗ

ಶಂಭು ಸೇರಿಗಾರರು ವಾಕ್ಯದ ನಟ್ಟನಡುವೆ, ಕರ್ತೃವಿಗೂ ಕ್ರಿಯಾಪದಕ್ಕೂ ಮಧ್ಯೆ ಎಲ್ಲೋ ನಿಂತುಬಿಡುತ್ತಿದ್ದರು. ಒಂದು ಉಸಿರು ಎಳೆದುಕೊಂಡು, ಬಿಟ್ಟ ಜಾಗದಿಂದಲೇ ಮತ್ತೆ ಹೊರಡುತ್ತಿದ್ದರು. ನಡಿಗೆಯೂ ಹಾಗೆಯೇ. ಪುತ್ತಿಗೆಯ ಮನೆಯಿಂದ ಬಸ್ಸು ನಿಲ್ಲುವಲ್ಲಿಗೆ ಬರುವಾಗ ಇಪ್ಪತ್ತು ಹೆಜ್ಜೆಗೊಮ್ಮೆ ನಿಂತು, ಯಾರದೋ ತೆಂಗಿನಮರದ ಗೊನೆಯನ್ನು ಬಲು ಆಸಕ್ತಿಯಿಂದ ಪರೀಕ್ಷಿಸುವವರಂತೆ ತಲೆ ಎತ್ತುತ್ತಿದ್ದರು. ಗುರುತಿಲ್ಲದವರು ಅವರನ್ನು ಕಾಯಿ ವ್ಯಾಪಾರಿ ಎಂದುಕೊಳ್ಳಬೇಕು. ಮೂವತ್ತು ವರ್ಷ ಮದುವೆ ಚಪ್ಪರಗಳಲ್ಲಿ, ದೇವಸ್ಥಾನದ ಅಂಗಳಗಳಲ್ಲಿ ಸ್ಯಾಕ್ಸೋಫೋನ್ ಊದಿದ ಆ ಎದೆಯನ್ನು ಕಾಯಿಲೆಯೊಂದು ಅರ್ಧಕ್ಕರ್ಧ ಖಾಲಿ ಮಾಡಿತ್ತು. ವೈದ್ಯರು ಬೇಡವೆಂದ ಮೇಲೆ ವಾದ್ಯವನ್ನು ಶಿಷ್ಯನೊಬ್ಬನಿಗೆ ಕೊಟ್ಟರು. ಅದನ್ನು ಕೊರಳಿಗೆ ತೂಗುಹಾಕಿಕೊಳ್ಳುವ ಕರಿಯ ಪಟ್ಟಿಯನ್ನು ಮಾತ್ರ ಕೊಡಲಿಲ್ಲ. ಬೆಳಿಗ್ಗೆ ಮಿಂದು ಅಂಗಿ ತೊಟ್ಟ ಮೇಲೆ ಪಟ್ಟಿಯನ್ನೂ ತೊಟ್ಟುಕೊಂಡು, ಎದೆಯ ಮೇಲೆ ತೂಗುವ ಅದರ ಕೊಕ್ಕೆಗೆ ಕನ್ನಡಕ ಸಿಕ್ಕಿಸಿಕೊಳ್ಳುತ್ತಿದ್ದರು.

ಹುಡುಗನಾಗಿದ್ದಾಗ ಬಂಟ್ವಾಳದ ಬ್ಯಾಂಡ್ ಮಾಸ್ತರರೊಬ್ಬರಿಂದ ಅವರು ಐದು ಗೆರೆಗಳ ಪಾಶ್ಚಾತ್ಯ ಸ್ವರಲಿಪಿಯನ್ನು ಕಲಿತಿದ್ದರು. ಆ ವಿದ್ಯೆ ಅವರ ಅರುವತ್ತನೆಯ ವಯಸ್ಸಿನಲ್ಲಿ ಕೈಹಿಡಿಯಿತು. ಮಗಳು ಭವ್ಯಶ್ರೀ ತನ್ನ ಲ್ಯಾಪ್‌ಟಾಪಿನಲ್ಲಿ ಸ್ವರ ಬರೆಯುವ ತಂತ್ರಾಂಶವೊಂದನ್ನು ಹಾಕಿಕೊಟ್ಟಳು. ಬರೆದದ್ದನ್ನು ಕಂಪ್ಯೂಟರೇ ಪಿಟೀಲು, ಕೊಳಲು, ಕಹಳೆಗಳ ದನಿಯಲ್ಲಿ ನುಡಿಸಿ ತೋರಿಸುತ್ತಿತ್ತು. ದೊಡ್ಡ ವಾದ್ಯವೃಂದಕ್ಕೆಂದು ಸಂಗೀತ ಬರೆದು, ನುಡಿಸುವವರಿಲ್ಲದೆ ಕುಳಿತ ಹವ್ಯಾಸಿಗಳು ಲೋಕದ ತುಂಬ ಇದ್ದಾರೆಂದೂ, ಅವರೆಲ್ಲ ಒಂದು ಜಾಲತಾಣದಲ್ಲಿ ಕೂಡಿ ಪರಸ್ಪರರ ಕೃತಿಗಳನ್ನು ಕೇಳಿ ಚರ್ಚಿಸುತ್ತಾರೆಂದೂ ಹುಡುಕಿ ಹೇಳಿದವಳೂ ಅವಳೇ. ಹಲ್ಲಿನ ವೈದ್ಯರು, ರೈಲು ಚಾಲಕರು, ನಿವೃತ್ತ ಅಂಚೆಯವರು ಇದ್ದ ಆ ಸಭೆಗೆ ಪುತ್ತಿಗೆಯ ಸೇರಿಗಾರರೂ ಸೇರಿದರು. ಅಲ್ಲಿನ ಭಾಷೆ ಇಂಗ್ಲಿಷ್. ಮೂಡುಬಿದಿರೆಯಲ್ಲಿ ಇಪ್ಪತ್ತೆಂಟು ವರ್ಷ ಇಂಗ್ಲಿಷ್ ಪಾಠ ಮಾಡಿ ನಿವೃತ್ತನಾದ ನಾನು, ಕರೆಯದೆಯೇ ಅವರ ದುಭಾಷಿಯಾದೆ. ಸಂಗೀತದಲ್ಲಿ ನನಗೆ ಗೊತ್ತಿದ್ದದ್ದು ಸೊನ್ನೆ. ಆದರೆ ಇಂಗ್ಲಿಷ್ ಬಲ್ಲವನಿಗೆ ಉಳಿದದ್ದೆಲ್ಲ ತಾನಾಗಿಯೇ ಗೊತ್ತಿರುತ್ತದೆ ಎಂಬ ಭ್ರಮೆ ನಮ್ಮ ಕಡೆ ಬಹಳ ಹಳೆಯದು.

ಅವರು ಬರೆಯುವ ಕ್ರಮವೇ ವಿಚಿತ್ರ. ಕೈಯ ಹಿಂಬದಿಯನ್ನು ತುಟಿಗೆ ಹತ್ತಿರ ಹಿಡಿದು, ಕೊಳಲಿನ ಸಾಲನ್ನು ಮೆಲ್ಲನೆ ಗುನುಗುತ್ತಿದ್ದರು. ಕೈಯ ಮೇಲೆ ಉಸಿರು ತೆಳುವಾದದ್ದು ತಿಳಿದ ಕೂಡಲೇ ಅಲ್ಲೊಂದು ಸಣ್ಣ ವಿರಾಮದ ಗುರುತು ಹಾಕುತ್ತಿದ್ದರು. ಕಹಳೆಗೆ ಬೇರೆ, ಕ್ಲಾರಿನೆಟ್ಟಿಗೆ ಬೇರೆ. ಕಂಪ್ಯೂಟರಿನ ಕೊಳಲಿಗೆ ಇದರ ಹಂಗೇನು ಎಂದು ಒಮ್ಮೆ ಕೇಳಿದೆ.

“ಈಗ ಕಂಪ್ಯೂಟರ್ ಊದ್ತದೆ ಮಾಷ್ಟ್ರೇ. ಒಂದು ದಿನ... ಮನುಷ್ಯರು ಊದಿದರೆ?” ಎಂದು ನಾಚಿ ನಕ್ಕರು.

ಅವರಿಗಿದ್ದ ಆಸೆ ಅದೊಂದೇ. ಹೆಸರು, ಹಾರ, ಸನ್ಮಾನ ಯಾವುದೂ ಬೇಡ. ತಾನು ಬರೆದದ್ದನ್ನು ಜೀವವಿರುವ ಜನ ಒಟ್ಟಿಗೆ ಕುಳಿತು ನುಡಿಸುವುದನ್ನು ಒಂದು ಸಲ ಕೇಳಬೇಕು.

ಎರಡು ವರ್ಷ ತಿದ್ದಿ ತೀಡಿದ ‘ಕಡವು’ ಎಂಬ ಕೃತಿಯನ್ನು ಆ ಜಾಲತಾಣದಲ್ಲಿ ಹಾಕಿದೆವು. ಹಿಂದೆ ನೇತ್ರಾವತಿಯ ಕಡವಿನಲ್ಲಿ ವಾದ್ಯದ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ದೋಣಿಯಲ್ಲಿ ಹೊಳೆ ದಾಟಿದ ನೆನಪು. ಹನ್ನೊಂದು ನಿಮಿಷದ ಸಂಗೀತ. ಮೆಚ್ಚಿದವರು ಇಬ್ಬರೋ ಮೂವರೋ. ಉಳಿದವರೆಲ್ಲರ ಆಕ್ಷೇಪಣೆ ಒಂದೇ: ರಾಗ ಅಲ್ಲಲ್ಲಿ ತುಂಡಾಗುತ್ತದೆ, ಈ ನಿಲುಗಡೆಗಳು ಏಕೆ? ನಾನು ಸೇರಿಗಾರರ ಪರವಾಗಿ ವಾದಿಸಬಹುದಿತ್ತು. ಕಾರಣ ನನಗೆ ಗೊತ್ತಿತ್ತು. ಬದಲಾಗಿ ಅವರಿಗೇ ಪಾಠ ಹೇಳಲು ಕುಳಿತೆ. “ತಿಳಿದವರು ಹೇಳುವಾಗ ಕೇಳಬೇಕು ಸೇರಿಗಾರರೇ, ನಿಮ್ಮ ದಮ್ಮನ್ನು ಲೋಕದ ಮೇಲೆ ಹೇರಬೇಡಿ,” ಎಂದೆ. ಇಂದು ಬರೆಯುವಾಗಲೂ ನಾಚಿಕೆಯಾಗುವ ಮಾತು. ಅವರು ಒಂದು ತಿಂಗಳು ಕುಳಿತು, ತಾವೇ ಕೈಯಿಂದ ಅಳೆದು ಇಟ್ಟ ವಿರಾಮಗಳನ್ನು ಒಂದೊಂದಾಗಿ ಅಳಿಸಿದರು.

ಹೊಸ ‘ಕಡವು’ ಗೆದ್ದಿತು. ಎಂಥ ಹರಿವು, ಎಂಥ ಅಖಂಡತೆ ಎಂದು ಜನ ಹೊಗಳಿದರು. ನಾನು ಹೊಗಳಿಕೆಗಳನ್ನು ಇನ್ನಷ್ಟು ಉಪ್ಪು ಖಾರ ಹಚ್ಚಿ ಕನ್ನಡಕ್ಕೆ ತಂದೆ. ಅದೇ ಹುರುಪಿನಲ್ಲಿ ಯುರೋಪಿನ ಸಣ್ಣ ಊರಿನ ಸದಸ್ಯರೊಬ್ಬರ ಪತ್ರ ಬಂತು. ತಮ್ಮ ಊರಿನ ಹವ್ಯಾಸಿ ವಾದ್ಯವೃಂದ ವರ್ಷಕ್ಕೊಮ್ಮೆ ಹೊಸಬರ ಕೃತಿಗಳನ್ನು ಒಂದು ಸಲ ನುಡಿಸಿ ನೋಡುತ್ತದೆ, ಚೆನ್ನಾಗಿ ಬಂದರೆ ಕಛೇರಿಗೂ ಸೇರಿಸುತ್ತದೆ, ‘ಕಡವು’ ಕಳುಹಿಸುವಿರಾ? ಓದಿ ಹೇಳಿದಾಗ ಸೇರಿಗಾರರು ಕೊರಳಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

“ಹಾಗಾದರೆ ಹಳೆಯದೇ ಕಳಿಸುವ ಮಾಷ್ಟ್ರೇ. ಯಾಕೆಂದರೆ...” ಎಂದು ನಿಂತರು.

“ಸುಮ್ಮನಿರಿ ಮಾರಾಯ್ರೇ! ಅವರು ಹೊಗಳಿದ್ದು ಯಾವುದನ್ನು? ಕೂಡಿಬಂದದ್ದನ್ನು ಕೆಡಿಸ್ಬೇಡಿ,” ಎಂದು ನಾನು ಹೊಸದನ್ನೇ ಕಳುಹಿಸಿದೆ.

ಮೂರು ತಿಂಗಳ ಮೇಲೆ ಧ್ವನಿಮುದ್ರಣ ಬಂತು. ಭವ್ಯಶ್ರೀ ಚಹಾ ತಂದಿಟ್ಟು ಪಕ್ಕದಲ್ಲಿ ಕುಳಿತಳು. ಕುರ್ಚಿ ಸರಿಸುವ ಸದ್ದು, ಯಾರದೋ ಕೆಮ್ಮು, ಆಮೇಲೆ ಪಿಟೀಲುಗಳು. ನಿಜವಾದ ಪಿಟೀಲುಗಳು! ಸೇರಿಗಾರರ ಕಣ್ಣು ತುಂಬಿತು. ಕೊಳಲು ಎದ್ದಿತು, ಏರಿತು, ಏರುತ್ತ ಏರುತ್ತ ಸೊರಗಿ ಕಡಿದುಹೋಯಿತು. ಯಾರೋ ನಕ್ಕರು. ಮತ್ತೆ ಮೊದಲಿನಿಂದ ಹಿಡಿದರು. ಈ ಸಲ ಕ್ಲಾರಿನೆಟ್ಟೂ ಸೋತಿತು. ವಾದ್ಯವೃಂದ ನಡೆಸುವವರು ಕೋಲಿನಿಂದ ಮೇಜು ತಟ್ಟಿ ಇಂಗ್ಲಿಷಿನಲ್ಲಿ ಏನೋ ಹೇಳಿದರು, ಹಾಳೆ ಮಗುಚುವ ಸದ್ದಾಯಿತು, ಮುದ್ರಣ ಅಲ್ಲಿಗೆ ಮುಗಿಯಿತು. ಹನ್ನೊಂದು ನಿಮಿಷದಲ್ಲಿ ಒಂದೂವರೆ ನಿಮಿಷ ನುಡಿಸಿದ್ದರು.

“ಏನು ಹೇಳಿದರು?” ಎಂದು ಸೇರಿಗಾರರು ಕೇಳಿದರು.

ನಾನು ಭವ್ಯಶ್ರೀಯತ್ತ ನೋಡಿದೆ. ಅವಳಿಗೂ ಇಂಗ್ಲಿಷ್ ಬರುತ್ತದೆ. ಅವಳು ತಲೆ ತಗ್ಗಿಸಿದಳು. ಕೊನೆಗೆ ಹೇಳಿದೆ: “ಇದನ್ನು ಬರೆದವರಿಗೆ, ಊದುವವರು ಉಸಿರಾಡ್ತಾರೆ ಅಂತ ಗೊತ್ತಿಲ್ಲ, ಅಂದ್ರು.”

ಅವರು ಕೈಯ ಹಿಂಬದಿಯನ್ನು ತುಟಿಗೆ ಹಿಡಿದು ಒಮ್ಮೆ ಉಸಿರು ಬಿಟ್ಟು ನೋಡಿದರು. ಆಮೇಲೆ, “ಅವರು ಹೇಳಿದ್ದು ಸರಿ ಉಂಟು ಮಾಷ್ಟ್ರೇ,” ಎಂದರು. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಅಂದೇ ಆ ಊರಿಗೆ ಬರೆದೆ. ತಪ್ಪು ನನ್ನದು, ಹಳೆಯ ಪ್ರತಿ ಇಲ್ಲಿದೆ, ದಯವಿಟ್ಟು ನೋಡಿ ಎಂದೆ. ಒಮ್ಮೆ ನೋಡಿ ಬಿಟ್ಟ ಕೃತಿಯನ್ನು ಮತ್ತೆ ಎತ್ತಿಕೊಳ್ಳುವ ರೂಢಿ ಇಲ್ಲವೆಂದು ವಿನಯದ ಉತ್ತರ ಬಂತು. ಕಳೆದ ವಾರ ಪುತ್ತಿಗೆಗೆ ಹೋಗಿದ್ದೆ. ಲ್ಯಾಪ್‌ಟಾಪ್ ಮುಚ್ಚಿತ್ತು, ಮೇಲೊಂದು ವಸ್ತ್ರ ಹೊದಿಸಿದ್ದರು. ಕೊರಳಪಟ್ಟಿ ಕಿಟಕಿಯ ಸರಳಿಗೆ ನೇತಾಡುತ್ತಿತ್ತು. ಕನ್ನಡಕ ಅಂಗಿಯ ಕಿಸೆಗೆ ಇಳಿದಿತ್ತು. “ಅಪ್ಪ ಈಗ ಬರೆಯುವುದಿಲ್ಲ ಸರ್,” ಎಂದು ಭವ್ಯಶ್ರೀ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದಳು. ಸೇರಿಗಾರರು ನನ್ನನ್ನು ಮೊದಲಿನಷ್ಟೇ ಆದರದಿಂದ ಕೂರಿಸಿ, ಮಳೆಯ ವಿಚಾರ, ಬಸ್ಸಿನ ವಿಚಾರ ಮಾತಾಡಿದರು.

ಕೈಯಲ್ಲಿ ವಿದ್ಯೆಯಿದ್ದು ನಾಲಗೆಯಲ್ಲಿ ಜೋರಿಲ್ಲದ ಇಂಥವರು ಪ್ರತಿ ಊರಿನಲ್ಲಿಯೂ ಇರುತ್ತಾರೆ. ಮೂವತ್ತು ವರ್ಷ ಮೈಮುರಿದು ಕಲಿತದ್ದನ್ನು, ಎದುರಿಗೆ ಕುಳಿತವನು ತುಸು ಗಟ್ಟಿಯಾಗಿ ಮಾತಾಡಿದರೆ ಸಾಕು, ಮರುಮಾತಿಲ್ಲದೆ ಬಿಟ್ಟುಕೊಡುತ್ತಾರೆ. ಅವರು ಸುಮ್ಮನಾದುದನ್ನು ನಾವು ಒಪ್ಪಿಗೆಯೆಂದು ತಿಳಿದು ಮುಂದಿನ ಕೆಲಸಕ್ಕೆ ಹೊರಟುಬಿಡುತ್ತೇವೆ. ಅವರು ಒಪ್ಪಿರುವುದಿಲ್ಲ, ಉಸಿರು ಎಳೆದುಕೊಳ್ಳುತ್ತಿರುತ್ತಾರೆ, ಅಷ್ಟೆ. ಮಾತು ಇನ್ನೂ ಅರ್ಧದಲ್ಲಿಯೇ ಇರುತ್ತದೆ.